ಫ್ರೆಂಚ್ ವರ್ತಮಾನ ಕಾಲ: ಆರು ರೂಪದ ಟೇಬಲ್ ಬಿಡಿ, ‘ಅವರು’ ಇಂದ ಶುರು ಮಾಡಿ

ಪ್ರಶ್ನೆ: ಕೆಲಸ ಮುಗಿಸಿ ಸಂಜೆ ಹೊತ್ತು ಫ್ರೆಂಚ್ ಕಲಿಯುತ್ತಿದ್ದೇನೆ, ಮೂರು ತಿಂಗಳಾಯಿತು. ಒಂದೊಂದು ಕ್ರಿಯಾಪದಕ್ಕೂ ಆರಾರು ರೂಪ ಬಾಯಿಪಾಠ ಮಾಡಿ ಸಾಕಾಗಿದೆ. ಬರೆಯುವಾಗ ಕೊನೆಯ ಅಕ್ಷರ ತಪ್ಪುತ್ತದೆ, ಕೇಳುವಾಗ ಎಲ್ಲ ಒಂದೇ ಥರ ಕೇಳಿಸುತ್ತದೆ. ಕೊನೆಯಲ್ಲಿ ಇ-ಆರ್ ಇರುವುದು ಒಂದನೇ ಗುಂಪು, ಐ-ಆರ್ ಎರಡನೇದು, ಉಳಿದದ್ದೆಲ್ಲ ಮೂರನೇದು ಎಂದು ಹೇಳಿಕೊಟ್ಟರು. ಆದರೆ ಮೂರನೇ ಗುಂಪಿನಲ್ಲಿ ನಿಯಮವೇ ಇಲ್ಲ ಅನಿಸುತ್ತದೆ. ಇನ್ನು ‘ಇಲ್ ಫೋ’ ಎನ್ನುವುದಕ್ಕೆ ಪುಸ್ತಕದಲ್ಲಿ ಒಂದೇ ಒಂದು ರೂಪ ಕೊಟ್ಟಿದ್ದಾರೆ. ಉಳಿದ ಐದು ಎಲ್ಲಿ ಹೋದವು? ವರ್ತಮಾನ ಕಾಲ ಕಲಿಯುವುದಕ್ಕೆ ಬೇರೆ ದಾರಿ ಇಲ್ಲವೇ?

ಉತ್ತರ: ಕೇಳುವಾಗ ಎಲ್ಲ ಒಂದೇ ಥರ ಕೇಳಿಸುತ್ತದೆ ಅಂದಿರಲ್ಲ, ಅದು ನಿಮ್ಮ ಕಿವಿಯ ತಪ್ಪಲ್ಲ. ಅವು ಇರುವುದೇ ಒಂದೇ ಥರ. ಇದನ್ನು ಮೊದಲ ದಿನವೇ ಯಾರೂ ಹೇಳುವುದಿಲ್ಲ. ಬೋರ್ಡಿನ ಮೇಲೆ ಆರು ಸಾಲು ಬರೆದುಬಿಡುತ್ತಾರೆ, ನಾವು ಆರು ಬೇರೆ ಬೇರೆ ಪದ ಇವೆ ಎಂದುಕೊಂಡು ಮಗ್ಗಿ ಉರು ಹೊಡೆದ ಹಾಗೆ ಹೊಡೆಯುತ್ತೇವೆ. ಇರುವುದು ಕಿವಿಗೆ ಮೂರು, ಕಣ್ಣಿಗೆ ಐದಾರು. ಹಾಗಾಗಿ ಮೊದಲು ಕಿವಿಯಿಂದ ಕಲಿಯೋಣ. ಬರವಣಿಗೆಯನ್ನು ಅದರ ಮೇಲೆ ಆಮೇಲೆ ಹೊದಿಸಿದರಾಯಿತು.

ಅದಕ್ಕೂ ಮುಂಚೆ ಒಂದು ಒಪ್ಪಂದ. ಇಲ್ಲಿ ‘ಝ’ ಅಂತ ಬರೆದರೆ ಅದು ಝರಿಯ ಝ ಅಲ್ಲ, ‘ಟ್ರೆಷರ್’, ‘ಮೆಷರ್’ ಎಂದು ಇಂಗ್ಲಿಷಿನವರು ಹೇಳುವಾಗ ನಡುವೆ ಬರುವ ಆ ಉಜ್ಜಿದ ಸದ್ದು. ‘ಜ಼’ ಎಂದು ಚುಕ್ಕೆ ಹಾಕಿದ್ದು ಜ಼ೀಬ್ರಾದ ಜ಼. ‘ಓಂ’, ‘ಆಂ’ ಅಂತ ಬಂದಾಗ ತುಟಿ ಮುಚ್ಚಬೇಡಿ, ಸದ್ದನ್ನು ಮೂಗಿಗೆ ಬಿಡಿ. ನಮ್ಮ ಓಂಕಾರದ ಹಾಗೆ ‘ಮ್’ ಎಂದು ಮುಗಿಸಿದರೆ ಕೆಟ್ಟಿತು. ‘ತ್ಯು’ ಎಂದು ಬರೆದದ್ದನ್ನು ಶಿಳ್ಳೆ ಹೊಡೆಯುವ ಹಾಗೆ ತುಟಿ ಇಟ್ಟುಕೊಂಡು ‘ತಿ’ ಅನ್ನಿ, ಸರಿಯಾಗುತ್ತದೆ. ಕನ್ನಡದ ಲಿಪಿಯಲ್ಲಿ ಇಷ್ಟೇ ಹತ್ತಿರ ಹೋಗಲು ಸಾಧ್ಯ, ಉಳಿದದ್ದು ಕೇಳಿ ಕೇಳಿ ಬರಬೇಕು.

ಈಗ ಎಲ್ಲರೂ ಶುರು ಮಾಡುವ ‘ಪಾರ್ಲೇ’, ಅಂದರೆ ಮಾತಾಡು. ಹೌದು, ಬಿಸ್ಕತ್ತಿನ ಹೆಸರಿನ ಹಾಗೇ ಕೇಳಿಸುತ್ತದೆ, ಮರೆಯುವುದಕ್ಕೆ ಸಾಧ್ಯವೇ ಇಲ್ಲ. ನಾನು: ಝ ಪಾರ್ಲ್. ನೀನು: ತ್ಯು ಪಾರ್ಲ್. ಅವನು: ಇಲ್ ಪಾರ್ಲ್. ಅವಳು: ಎಲ್ ಪಾರ್ಲ್. ಅವರು: ಇಲ್ ಪಾರ್ಲ್. ಎಲ್ಲ ಒಂದೇ ‘ಪಾರ್ಲ್’. ಬೇರೆ ಆಗುವುದು ಎರಡೇ, ನಾವು: ನು ಪಾರ್ಲೋಂ, ನೀವು: ವು ಪಾರ್ಲೇ. ಬರೆಯುವಾಗ ಮಾತ್ರ ‘ನಾನು’ವಿಗೆ ಕೊನೆಗೆ ಇ, ‘ನೀನು’ವಿಗೆ ಇ-ಎಸ್, ‘ಅವನು’ವಿಗೆ ಮತ್ತೆ ಇ, ‘ಅವರು’ಗೆ ಇ-ಎನ್-ಟಿ. ಈ ಎಸ್ ಆಗಲಿ, ಎನ್-ಟಿ ಆಗಲಿ ಬಾಯಲ್ಲಿ ಬರುವುದೇ ಇಲ್ಲ. ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದರು, ನಾಲಿಗೆಯಿಂದ ಉದುರಿಹೋಯಿತು, ಕಾಗದದ ಮೇಲೆ ಉಳಿದುಕೊಂಡಿತು. ನಾವು ‘ಮಾಡುತ್ತೇನೆ’ ಎಂದು ಬರೆದು ‘ಮಾಡ್ತೀನಿ’ ಎಂದು ಓದುತ್ತೇವಲ್ಲ, ಹಾಗೇ, ಸ್ವಲ್ಪ ಜಾಸ್ತಿ.

ಇಲ್ಲಿ ನಮಗೆ ಒಂದು ಅಭ್ಯಾಸ ಅಡ್ಡ ಬರುತ್ತದೆ. ಕನ್ನಡದಲ್ಲಿ ‘ನಾನು’ ಅನ್ನಬೇಕಿಲ್ಲ, ‘ಬರುತ್ತೇನೆ’ ಅಂದರೆ ಸಾಕು, ಯಾರು ಎನ್ನುವುದು ಕೊನೆಯಲ್ಲೇ ಇದೆ. ಫ್ರೆಂಚಿನಲ್ಲಿ ಕೊನೆ ಸತ್ತಿದೆ. ಆದ್ದರಿಂದ ‘ಝ’, ‘ತ್ಯು’, ‘ಇಲ್’ ಬಿಡುವ ಹಾಗಿಲ್ಲ. ನಮ್ಮ ಕ್ರಿಯಾಪದದ ಬಾಲ ಮಾಡುವ ಕೆಲಸವನ್ನು ಅವರ ಸರ್ವನಾಮ ತಲೆಯ ಮೇಲೆ ಹೊತ್ತುಕೊಂಡು ಮಾಡುತ್ತದೆ. ‘ಝಪಾರ್ಲ್’, ‘ತ್ಯುಪಾರ್ಲ್’ ಎಂದು ಒಂದೇ ಪದದ ಹಾಗೆ ಹೇಳಿಕೊಳ್ಳಿ, ಅವರು ಮಾತಾಡುವುದೂ ಹಾಗೇ.

ಇನ್ನೊಂದು ಖುಷಿಯ ಸುದ್ದಿ. ಮನೆ, ಆಫೀಸು, ಬೀದಿಯಲ್ಲಿ ಜನ ‘ನು ಪಾರ್ಲೋಂ’ ಅನ್ನುವುದು ಕಡಿಮೆ. ‘ಓಂ ಪಾರ್ಲ್’ ಅನ್ನುತ್ತಾರೆ. ಈ ‘ಓಂ’ ವ್ಯಾಕರಣದ ಪ್ರಕಾರ ‘ಯಾರಾದರೂ ಒಬ್ಬರು’, ಬಳಕೆಯಲ್ಲಿ ‘ನಾವು’. ಅದಕ್ಕೆ ಕ್ರಿಯಾಪದ ‘ಅವನು’ ರೂಪದಲ್ಲೇ ಇರುತ್ತದೆ. ಅಂದರೆ ಮಾತಿನಲ್ಲಿ ‘ಪಾರ್ಲ್’ ಮತ್ತು ‘ಪಾರ್ಲೇ’ ಎರಡು ಇದ್ದರೆ ದಿನ ಕಳೆಯುತ್ತದೆ. ಫ್ರೆಂಚಿನ ಕ್ರಿಯಾಪದಗಳಲ್ಲಿ ಹತ್ತಕ್ಕೆ ಒಂಬತ್ತು ಈ ಗುಂಪಿನವೇ. ಹೊಸದಾಗಿ ಹುಟ್ಟುವುದೂ ಇಲ್ಲೇ: ಗೂಗಲ್ ಮಾಡುವುದು ‘ಗೂಗ್ಲೇ’, ಲೈಕ್ ಒತ್ತುವುದು ‘ಲೈಕೇ’. ನಾವು ಯಾವ ಪದ ಬಂದರೂ ಹಿಂದೆ ‘ಮಾಡು’ ಸಿಕ್ಕಿಸುತ್ತೇವೆ, ಅವರು ಇ-ಆರ್ ಸಿಕ್ಕಿಸುತ್ತಾರೆ.

ಈಗ ನಿಮ್ಮ ತಲೆನೋವಿನ ಜಾಗಕ್ಕೆ ಬರೋಣ, ಮಿಕ್ಕ ಒಂದು ಪಾಲು. ಸಂಖ್ಯೆಯಲ್ಲಿ ಸಣ್ಣದು, ಆದರೆ ದಿನಾ ಬೇಕಾದ ಹೋಗು, ಬಾ, ಕುಡಿ, ಓದು, ಬರೆ, ಮಲಗು ಎಲ್ಲ ಇಲ್ಲೇ ಇವೆ.

ಟೇಬಲ್ ಯಾವಾಗಲೂ ‘ನಾನು’ವಿನಿಂದ ಶುರುವಾಗುತ್ತದೆ. ನನ್ನ ಪ್ರಕಾರ ಅದೇ ತಪ್ಪು. ‘ಅವರು’ ಇಂದ ಶುರು ಮಾಡಿ. ಪ್ರಯೋಗ ಮಾಡಿ ನೋಡಿ. ‘ಪಾರ್ತೀರ್’, ಅಂದರೆ ಹೊರಡು. ಅವರು ಹೊರಡುತ್ತಾರೆ: ಇಲ್ ಪಾರ್ತ್. ಕೊನೆಯ ವ್ಯಂಜನ ‘ತ್’ ಕತ್ತರಿಸಿ. ಉಳಿದದ್ದು ‘ಪಾರ್’. ಅದೇ ನಾನು, ನೀನು, ಅವನು ಮೂರಕ್ಕೂ: ಝ ಪಾರ್, ತ್ಯು ಪಾರ್, ಇಲ್ ಪಾರ್. ಆಯಿತು! ಮಲಗು: ಅವರದ್ದು ‘ದೋರ್ಮ್’, ಕತ್ತರಿಸಿದರೆ ‘ದೋರ್’. ಓದು: ‘ಲೀಜ಼್’, ಕತ್ತರಿಸಿದರೆ ‘ಲಿ’. ಬದುಕು: ‘ವೀವ್’, ‘ವಿ’. ಇಡು: ‘ಮೆತ್’, ‘ಮೆ’. ಮಾರು: ‘ವಾಂದ್’, ‘ವಾಂ’. ಕುಡಿ: ‘ಬ್ವಾವ್’, ‘ಬ್ವಾ’. ಮುಗಿಸು: ‘ಫಿನಿಸ್’, ‘ಫಿನಿ’. ನೋಡಿ, ನಿಮ್ಮ ಎರಡನೇ ಗುಂಪು, ಮೂರನೇ ಗುಂಪು ಎಲ್ಲ ಒಂದೇ ಕತ್ತರಿಗೆ ಸಿಕ್ಕಿಬಿದ್ದವು. ಒಂದನೇ ಗುಂಪಿನಲ್ಲಿ ಮಾತ್ರ ಕತ್ತರಿಸುವುದಿಲ್ಲ, ಪಾರ್ಲ್ ಪಾರ್ಲ್ ಆಗಿಯೇ ಉಳಿಯುತ್ತದೆ. ಅಷ್ಟೇ ವ್ಯತ್ಯಾಸ.

ಹಾಗಾದರೆ ‘ಅವರು ಹೊರಡುತ್ತಾರೆ’ ಮತ್ತು ‘ಅವನು ಹೊರಡುತ್ತಾನೆ’ ಎನ್ನುವುದು ಕೇಳಿದರೆ ಗೊತ್ತಾಗುತ್ತದೆ: ಕೊನೆಗೆ ವ್ಯಂಜನದ ಗುದ್ದು ಕೇಳಿಸಿದರೆ ಬಹುವಚನ, ಇಲ್ಲದಿದ್ದರೆ ಏಕವಚನ. ಇಡೀ ವಾಕ್ಯದಲ್ಲಿ ಬೇರೆ ಸುಳಿವೇ ಇರುವುದಿಲ್ಲ, ಏಕೆಂದರೆ ‘ಇಲ್’ ಎರಡಕ್ಕೂ ‘ಇಲ್’ ಅಂತಲೇ ಕೇಳುತ್ತದೆ. ಹಾಗಾಗಿ ಆ ಕೊನೆಯ ‘ತ್’, ‘ಮ್’, ‘ಜ಼್’ ಅನ್ನು ಗಟ್ಟಿಯಾಗಿ ಹೇಳಿ. ನಮ್ಮವರು ಎರಡು ತಪ್ಪು ಮಾಡುತ್ತಾರೆ. ಒಂದು, ನಾಚಿಕೊಂಡು ನುಂಗುವುದು. ಇನ್ನೊಂದು, ಕನ್ನಡದ ಪದ ಸ್ವರದಲ್ಲಿ ಮುಗಿಯುವ ಅಭ್ಯಾಸಕ್ಕೆ ಹಿಂದೆ ಒಂದು ‘ಉ’ ಸೇರಿಸಿ ‘ಪಾರ್ತು’ ಅನ್ನುವುದು. ಬಸ್ಸು, ಕಾರು, ಪೆನ್ನು ಅಂದ ಹಾಗೆ.

ಕತ್ತರಿಸುವ ವ್ಯಂಜನ ‘ನ್’ ಆಗಿದ್ದರೆ ಅದು ಪೂರ್ತಿ ಹೋಗುವುದಿಲ್ಲ, ಮೂಗಿಗೆ ಏರುತ್ತದೆ. ಬಾ: ಅವರು ‘ವಿಯೆನ್’, ಅವನು ‘ವಿಯಾಂ’. ತೆಗೆದುಕೊ: ಅವರು ‘ಪ್ರೆನ್’, ಅವನು ‘ಪ್ರಾಂ’. ಇಲ್ಲಿ ನಮ್ಮದೇ ಆದ ಒಂದು ತಪ್ಪು ಹೇಳಿಬಿಡುತ್ತೇನೆ. ನಮಗೆ ಮೇಷ್ಟ್ರು ‘ಬರುತ್ತಾರೆ’, ಅಪ್ಪ ‘ಬರುತ್ತಾರೆ’. ಒಬ್ಬರೇ ಇದ್ದರೂ ಮರ್ಯಾದೆಗೆ ಬಹುವಚನ. ಅದೇ ಗುಂಗಿನಲ್ಲಿ ಮೇಷ್ಟ್ರ ಬಗ್ಗೆ ‘ಇಲ್ ವಿಯೆನ್’ ಅಂದರೆ ಫ್ರೆಂಚಿನವರು ಬಾಗಿಲ ಕಡೆ ನೋಡಿ ಎಷ್ಟು ಜನ ಬರುತ್ತಿದ್ದಾರೆ ಎಂದು ಕೇಳುತ್ತಾರೆ. ಎದುರಿಗಿರುವವರಿಗೆ ‘ವು’, ಅಂದರೆ ನಮ್ಮ ‘ನೀವು’, ಸರಿಯೇ. ಅದು ನಮಗೆ ಹೇಳಿಕೊಡಬೇಕಾಗಿಯೇ ಇಲ್ಲ. ಆದರೆ ಎದುರಿಗಿಲ್ಲದ ಒಬ್ಬರಿಗೆ, ರಾಷ್ಟ್ರಾಧ್ಯಕ್ಷರೇ ಆಗಿರಲಿ, ‘ಇಲ್ ವಿಯಾಂ’.

ಕತ್ತರಿ ಎಲ್ಲ ಕಡೆ ಕೆಲಸ ಮಾಡುತ್ತದೆ ಎಂದು ಹೇಳಿ ನಿಮಗೆ ಮೋಸ ಮಾಡುವುದಿಲ್ಲ. ನೋಡು, ನಂಬು, ನಗು, ಓಡು: ಈ ನಾಲ್ಕರಲ್ಲಿ ಕತ್ತರಿಸುವುದಕ್ಕೆ ಏನೂ ಇಲ್ಲ, ಅವನು-ಅವರು ಒಂದೇ ಸದ್ದು, ‘ಇಲ್ ವ್ವಾ’ ಅಂದರೆ ನೋಡುತ್ತಾನೆ ಅಂತಲೂ ಆಯಿತು, ನೋಡುತ್ತಾರೆ ಅಂತಲೂ ಆಯಿತು. ತಿಳಿ ಎನ್ನುವುದು ಹಟ ಮಾಡುತ್ತದೆ, ಅವರು ‘ಸಾವ್’ ಆದರೆ ಅವನು ‘ಸೆ’. ಇದನ್ನು ಸುಮ್ನೆ ನೆನಪಿಟ್ಟುಕೊಳ್ಳಿ. ತೆರೆ (ಊವ್ರೀರ್), ಕೊಡುಗೆ ಕೊಡು (ಓಫ್ರೀರ್) ಮತ್ತು ಅವುಗಳ ಒಂದೆರಡು ನೆಂಟರು ಹೆಸರಿನಲ್ಲಿ ಐ-ಆರ್ ಇದ್ದರೂ ನಡೆಯುವುದು ಪಾರ್ಲೇಯ ಹಾಗೆ. ಅವಕ್ಕೂ ಕತ್ತರಿ ಬೇಡ.

ಎರಡನೇ ಗುಂಪಿನ ಬಗ್ಗೆ ಒಂದು ಮಾತು, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿ. ಹೊರಡು ‘ಪಾರ್ತೀರ್’, ಮುಗಿಸು ‘ಫಿನೀರ್’, ಎರಡರ ಕೊನೆಯೂ ಐ-ಆರ್. ಹಾಗಾದರೆ ನಾವು ಹೊರಡುತ್ತೇವೆ ‘ನು ಪಾರ್ತೋಂ’, ನಾವು ಮುಗಿಸುತ್ತೇವೆ ಮಾತ್ರ ‘ನು ಫಿನಿಸೋಂ’ ಯಾಕೆ? ಆ ನಡುವಿನ ‘ಇಸ್’ ಎಲ್ಲಿಂದ ಬಂತು? ಲ್ಯಾಟಿನ್‌ನಲ್ಲಿ ‘ಆಗುತ್ತಾ ಹೋಗು’ ಎಂಬ ಅರ್ಥಕ್ಕೆ ‘ಇಸ್ಕ್’, ‘ಎಸ್ಕ್’ ಎಂಬ ತುಂಡು ಸೇರಿಸುತ್ತಿದ್ದರು. ಅದರ ಉಳಿಕೆ ಇದು. ಹಾಗಾಗಿಯೇ ಈ ಗುಂಪಿನಲ್ಲಿ ನಮ್ಮ ‘ಆಗು’ ಕ್ರಿಯಾಪದಗಳು ರಾಶಿ ಬಿದ್ದಿವೆ. ರೂಝ್ ಅಂದರೆ ಕೆಂಪು, ‘ರೂಝೀರ್’ ಕೆಂಪಾಗು. ಗ್ರಾಂ ಅಂದರೆ ದೊಡ್ಡ, ‘ಗ್ರಾಂದೀರ್’ ದೊಡ್ಡವನಾಗು. ಗ್ರೋ ಅಂದರೆ ದಪ್ಪ, ‘ಗ್ರೋಸೀರ್’ ದಪ್ಪಗಾಗು. ಮೆಗ್ರ್ ಸಣಕಲು, ‘ಮೆಗ್ರೀರ್’ ಸಣ್ಣಗಾಗು. ಬಣ್ಣ ಅಥವಾ ಗುಣ ಹೇಳುವ ಪದದಿಂದ ಐ-ಆರ್ ಹುಟ್ಟಿದೆ ಅನಿಸಿದರೆ ಧೈರ್ಯವಾಗಿ ‘ಇಸ್’ ಹಾಕಿ.

ಇನ್ನೊಂದು ಗುರುತು ಇದೆ, ಇದು ನನಗೆ ತುಂಬ ಇಷ್ಟ. ಫಿನಿಶ್, ಪನಿಶ್, ಪಾಲಿಶ್, ಎಸ್ಟಾಬ್ಲಿಶ್, ಡೆಮಾಲಿಶ್. ದಿನಾ ಬಳಸುತ್ತೇವೆ ಅಲ್ವಾ? ಇಂಗ್ಲಿಷಿನವರು ಇವನ್ನು ಫ್ರೆಂಚಿನಿಂದ ಎತ್ತಿಕೊಂಡಾಗ ಆ ‘ಇಸ್’ ಸಮೇತ ಎತ್ತಿಕೊಂಡರು, ಅದು ಅಲ್ಲಿ ‘ಇಶ್’ ಆಯಿತು. ಆದ್ದರಿಂದ ಒಂದು ಐ-ಆರ್ ಕ್ರಿಯಾಪದ ಎದುರಾದಾಗ ಇಂಗ್ಲಿಷಿನಲ್ಲಿ ಅದಕ್ಕೆ ‘ಇಶ್’ ಬಾಲದ ಸೋದರ ಇದ್ದರೆ ಅದು ಎರಡನೇ ಗುಂಪು. ಪ್ಯುನೀರ್ ಶಿಕ್ಷಿಸು: ಇಲ್ ಪ್ಯುನಿಸ್. ಪೋಲೀರ್ ಉಜ್ಜಿ ಹೊಳಪು ಕೊಡು: ಇಲ್ ಪೋಲಿಸ್. ಚಪ್ಪಲಿ ಅಂಗಡಿಯ ಪಾಲಿಶ್ ಡಬ್ಬಿಯಲ್ಲಿ ಫ್ರೆಂಚ್ ವ್ಯಾಕರಣ ಕೂತಿದೆ. ‘ಪಬ್ಲಿಶ್’ ಮಾತ್ರ ಮೋಸಗಾರ, ಅದರ ಫ್ರೆಂಚ್ ರೂಪ ‘ಪ್ಯುಬ್ಲಿಯೇ’, ಒಂದನೇ ಗುಂಪು.

ಇಷ್ಟು ಆಯಿತೆಂದರೆ ಉಳಿಯುವುದು ನಾವು-ನೀವು ಜೋಡಿ. ಸಾಮಾನ್ಯವಾಗಿ ‘ಅವರು’ ರೂಪಕ್ಕೆ ಓಂ, ಏ ಸೇರಿಸಿದರೆ ಮುಗಿಯಿತು: ಪಾರ್ತ್, ಪಾರ್ತೋಂ, ಪಾರ್ತೇ. ಲೀಜ಼್, ಲಿಜ಼ೋಂ, ಲಿಜ಼ೇ. ಆದರೆ ಕೆಲವು ಕ್ರಿಯಾಪದಗಳಲ್ಲಿ ಈ ಎರಡು ರೂಪದಲ್ಲಿ ಒಳಗಿನ ಸ್ವರವೇ ಬದಲಾಗುತ್ತದೆ. ಅವರು ಕುಡಿಯುತ್ತಾರೆ ‘ಬ್ವಾವ್’, ನಾವು ಕುಡಿಯುತ್ತೇವೆ ‘ಬ್ಯುವೋಂ’. ಅವರು ಬರುತ್ತಾರೆ ‘ವಿಯೆನ್’, ನಾವು ‘ವನೋಂ’. ಬಯಸು ‘ವೊಲ್’, ನಾವು ‘ವುಲೋಂ’. ಆಗು-ಸಾಧ್ಯ ಎನ್ನುವುದು ‘ಪೊವ್’, ನಾವು ‘ಪುವೋಂ’. ಮಾಡಲೇಬೇಕು ಎನ್ನುವುದು ‘ದ್ವಾವ್’, ನಾವು ‘ದವೋಂ’. ಟೇಬಲ್‌ನಲ್ಲಿ ಸ್ವರ ಒಂದೇ ಇರುವ ನಾಲ್ಕು ಮನೆಗೆ ಗೆರೆ ಎಳೆದರೆ ಬೂಟಿನ ಆಕಾರ ಬರುತ್ತದೆ, ನಾವು-ನೀವು ಬೂಟಿನ ಹೊರಗೆ ಉಳಿಯುತ್ತವೆ. ಕ್ಲಾಸಿನಲ್ಲಿ ಹೇಳಿರಬಹುದು.

ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಸಿಟ್ಟು ಕಡಿಮೆಯಾಗುತ್ತದೆ. ಲ್ಯಾಟಿನ್‌ನಲ್ಲಿ ‘ಪ್ರೀತಿಸುತ್ತೇನೆ’ ಎನ್ನುವುದು ‘ಆಮೋ’, ಒತ್ತು ಮೊದಲಿಗೆ. ‘ಪ್ರೀತಿಸುತ್ತೇವೆ’ ಎನ್ನುವುದು ‘ಅಮಾಮುಸ್’, ಒತ್ತು ಮುಂದಕ್ಕೆ ಜಾರಿತು. ಒತ್ತು ಬಿದ್ದ ಸ್ವರ ಕಾಲಕ್ರಮದಲ್ಲಿ ಹಿಗ್ಗಿ ಬೇರೆ ಆಯಿತು, ಒತ್ತು ಬೀಳದ್ದು ಹಾಗೇ ಉಳಿಯಿತು. ಹಳೆಯ ಫ್ರೆಂಚಿನಲ್ಲಿ ‘ಪ್ರೀತಿಸು’ವಿಗೂ ಎರಡು ಸ್ವರ ಇದ್ದವು, ಏಕವಚನದಲ್ಲಿ ಒಂದು, ‘ನಾವು’ವಿನಲ್ಲಿ ‘ಅಮೋಂ’. ಆಮೇಲೆ ಜನ ಅದನ್ನು ಮಟ್ಟ ಮಾಡಿ ಈಗಿನ ‘ಎಮೋಂ’ ಮಾಡಿಕೊಂಡರು. ಪ್ರಿಯಕರನಿಗೆ ‘ಅಮಾಂ’ ಎನ್ನುವ ಪದದಲ್ಲಿ ಹಳೆಯ ಸ್ವರ ಇನ್ನೂ ಇದೆ. ಇದಕ್ಕಿಂತ ತಮಾಷೆ ಪಾರ್ಲೇಯದ್ದು. ಇಂದು ಜಗತ್ತಿನ ಫ್ರೆಂಚ್ ಪುಸ್ತಕಗಳೆಲ್ಲ ‘ಸರಳ’ ಎಂದು ಮೊದಲ ಪಾಠದಲ್ಲಿ ಇಡುವ ಈ ಕ್ರಿಯಾಪದ ಹಳೆಯ ಫ್ರೆಂಚಿನಲ್ಲಿ ಸರಳವೇ ಆಗಿರಲಿಲ್ಲ. ‘ನಾವು’ವಿಗೆ ‘ಪಾರ್ಲೋಂ’ ಸರಿ, ‘ನಾನು’ವಿಗೆ ‘ಪರೋಲ್’! ಅದು ಕ್ರಿಯಾಪದದಲ್ಲಿ ಸತ್ತು, ಮಾತು ಎಂಬ ಅರ್ಥದ ‘ಪರೋಲ್’ ನಾಮಪದದ ಪಕ್ಕದಲ್ಲಿ ನೆನಪಾಗಿ ನಿಂತಿದೆ. ಜೈಲಿನಿಂದ ಪರೋಲ್ ಮೇಲೆ ಬಿಡುವುದು ಅಂತೀವಲ್ಲ, ಅದೂ ಈ ಪದವೇ, ‘ಮಾತು ಕೊಟ್ಟು ಹೊರಗೆ ಬರುವುದು’. ಅಂದರೆ ಸಾಮಾನ್ಯ ಕ್ರಿಯಾಪದಗಳನ್ನು ಜನ ಕಾಲಕಾಲಕ್ಕೆ ಇಸ್ತ್ರಿ ಹಾಕಿ ಸರಿ ಮಾಡಿಕೊಂಡರು. ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಬಾ, ಕುಡಿ, ಬಯಸು ಮಾತ್ರ ಎಷ್ಟು ರೂಢಿಯಾಗಿದ್ದವೆಂದರೆ ಇಸ್ತ್ರಿಗೆ ಸಿಗಲೇ ಇಲ್ಲ.

ಇದೇ ಒತ್ತಿನ ಆಟ ಒಂದನೇ ಗುಂಪಿನ ಒಳಗೂ ಸಣ್ಣದಾಗಿ ನಡೆಯುತ್ತದೆ. ಮೊದಲ ದಿನ ಹೆಸರು ಹೇಳಿದಿರಲ್ಲ, ‘ಝ ಮಾಪೆಲ್’. ಅಲ್ಲಿ ‘ಪೆಲ್’ ಕೇಳುತ್ತದೆ. ‘ನಾವು ಕರೆಯುತ್ತೇವೆ’ ಅನ್ನುವಾಗ ‘ನು ಜ಼ಾಪ್ಲೋಂ’, ಆ ‘ಎ’ ಮಾಯ. ಬರವಣಿಗೆಯಲ್ಲಿ ಅದನ್ನು ತೋರಿಸಲು ‘ನಾನು’ವಿನಲ್ಲಿ ಎಲ್ ಎರಡು ಹಾಕುತ್ತಾರೆ, ‘ನಾವು’ವಿನಲ್ಲಿ ಒಂದು. ಕೊಳ್ಳು ಎನ್ನುವುದಕ್ಕೆ ಎರಡು ಟಿ ಬದಲು ಇ ಮೇಲೆ ಗೀಟು: ‘ಝಾಶೆತ್’, ‘ನು ಜ಼ಾಶ್ತೋಂ’. ಯಾವುದಕ್ಕೆ ಜೋಡಿ ಅಕ್ಷರ, ಯಾವುದಕ್ಕೆ ಗೀಟು ಎಂಬ ಗೊಂದಲ ಫ್ರೆಂಚಿನವರಿಗೂ ಇತ್ತು. 1990ರ ಕಾಗುಣಿತ ತಿದ್ದುಪಡಿ ಬಹುತೇಕ ಎಲ್ಲಕ್ಕೂ ಗೀಟು ಸಾಕು ಎಂದಿತು, ಕರೆ ಮತ್ತು ಎಸೆ (ಅಪ್ಲೇ, ಝತೇ) ಹಾಗೂ ಅವುಗಳಿಂದ ಹುಟ್ಟಿದವನ್ನು ಮಾತ್ರ ಜೋಡಿ ಅಕ್ಷರಕ್ಕೇ ಬಿಟ್ಟಿತು. ನಿಮಗೆ ಸದ್ಯಕ್ಕೆ ಇವೆರಡು ಸಾಕು. ತಿನ್ನು, ಶುರು ಮಾಡು ಎಂಬಲ್ಲಿ ‘ನಾವು’ ಬರೆಯುವಾಗ ಜಿ ನಂತರ ಒಂದು ಇ ಹೆಚ್ಚಿಗೆ, ಸಿ ಕೆಳಗೆ ಒಂದು ಬಾಲ. ಇಲ್ಲದಿದ್ದರೆ ಒ ಮುಂದೆ ಅವು ‘ಗೋ’, ‘ಕೋ’ ಆಗಿಬಿಡುತ್ತವೆ. ಸದ್ದನ್ನು ಕಾಪಾಡುವುದಕ್ಕೆ ಅಷ್ಟೇ, ಬೇರೆ ಗುಟ್ಟಿಲ್ಲ.

ಬಾಯಿಪಾಠವೇ ಗತಿ ಎನ್ನುವವು ನಾಲ್ಕು: ಇರು, ಹೊಂದಿರು, ಹೋಗು, ಮಾಡು. ಇವನ್ನು ಪಟ್ಟಾಗಿ ಕೂತು ಕಲಿಯಿರಿ. ಇರು: ಝ ಸ್ವಿ, ತ್ಯು ಎ, ಇಲ್ ಎ, ನು ಸೋಮ್, ವು ಜ಼ೆತ್, ಇಲ್ ಸೋಂ. ಹೊಂದಿರು: ಝೇ, ತ್ಯು ಆ, ಇಲ್ ಆ, ನು ಜ಼ಾವೋಂ, ವು ಜ಼ಾವೇ, ಇಲ್ ಜ಼ೋಂ. ಹೋಗು: ಝ ವೆ, ತ್ಯು ವಾ, ಇಲ್ ವಾ, ನು ಜ಼ಾಲೋಂ, ವು ಜ಼ಾಲೇ, ಇಲ್ ವೋಂ. ಮಾಡು: ಝ ಫೆ, ತ್ಯು ಫೆ, ಇಲ್ ಫೆ, ನು ಫಜ಼ೋಂ, ವು ಫೆತ್, ಇಲ್ ಫೋಂ. ಈ ಗೊಂಡಾರಣ್ಯದಲ್ಲೂ ಒಂದು ಪ್ರಾಸ ಇದೆ, ಗಮನಿಸಿ. ‘ಅವರು’ ರೂಪ: ಸೋಂ, ಜ಼ೋಂ, ವೋಂ, ಫೋಂ. ಇಡೀ ಭಾಷೆಯಲ್ಲಿ ವರ್ತಮಾನ ಕಾಲದ ‘ಅವರು’ ಹೀಗೆ ‘ಓಂ’ ಎಂದು ಮುಗಿಯುವುದು ಈ ನಾಲ್ಕರಲ್ಲಿ ಮತ್ತು ಇವುಗಳಿಂದ ಹುಟ್ಟಿದವುಗಳಲ್ಲಿ ಮಾತ್ರ. ಹಾಗೇ ‘ನೀವು’ ರೂಪ ‘ಏ’ ಬದಲು ‘ತ್’ ಎಂದು ಮುಗಿಯುವುದು ಇರು, ಮಾಡು, ಹೇಳು ಮೂರರಲ್ಲಿ ಮತ್ತು ‘ಮತ್ತೆ ಮಾಡು’, ‘ಮತ್ತೆ ಹೇಳು’ ಥರದ ಅವುಗಳ ಮರಿಗಳಲ್ಲಿ: ವು ಜ಼ೆತ್, ವು ಫೆತ್, ವು ದೀತ್.

ಆ ‘ಸೋಂ’ ಮತ್ತು ‘ಜ಼ೋಂ’ ಬಗ್ಗೆ ಸ್ವಲ್ಪ ನಿಲ್ಲಬೇಕು. ಅವರು ‘ಇದ್ದಾರೆ’ ಇಲ್ ಸೋಂ. ಅವರ ‘ಹತ್ತಿರ ಇದೆ’ ಇಲ್ ಜ಼ೋಂ. ಇರುವ ವ್ಯತ್ಯಾಸ ಸ-ಜ಼ ಅಷ್ಟೇ. ಸರ್ವನಾಮದ ಕೊನೆಯಲ್ಲಿ ಸತ್ತು ಬಿದ್ದಿರುವ ಎಸ್, ಮುಂದೆ ಸ್ವರ ಸಿಕ್ಕರೆ ಜ಼ ಆಗಿ ಎದ್ದು ಕೂರುತ್ತದೆ. ನಮ್ಮ ಸಂಧಿಯ ಹಾಗೆ ಅಂದುಕೊಳ್ಳಿ. ಕನ್ನಡದ ವರ್ಣಮಾಲೆಯಲ್ಲಿ ಜ಼ ಇಲ್ಲ, ನಮ್ಮಲ್ಲಿ ಅರ್ಧ ಜನ ಜ ಅನ್ನುತ್ತಾರೆ, ಅರ್ಧ ಜನ ಸ ಅನ್ನುತ್ತಾರೆ. ನಾನು ಸ ಗುಂಪಿನವನು. ಲಿಯೋಂ ಊರಿಗೆ ಹೋದ ಹೊಸದರಲ್ಲಿ ಒಬ್ಬರಿಗೆ ಪಕ್ಕದ ಮನೆಯವರ ಹತ್ತಿರ ಎರಡು ನಾಯಿ ಇವೆ ಎಂದು ಹೇಳಲು ಹೋದೆ. ‘ಇಲ್ ಜ಼ೋಂ ದೊ ಶಿಯಾಂ’ ಅನ್ನಬೇಕಿತ್ತು. ‘ಇಲ್ ಸೋಂ ದೊ ಶಿಯಾಂ’ ಅಂದೆ. ಪಕ್ಕದ ಮನೆಯವರು ಎರಡು ನಾಯಿಗಳು ಎಂದಾಯಿತು. ಕೇಳಿದವರು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ನಿಮಗೂ ಹಾಗನಿಸಿತಾ?’ ಅಂದರು. ಇದೇ ಥರ ‘ನು ಜ಼ಾವೋಂ’ ನಮ್ಮ ಹತ್ತಿರ ಇದೆ, ‘ನು ಸಾವೋಂ’ ನಮಗೆ ಗೊತ್ತು. ಈ ಜೋಡಿಗಳನ್ನು ಕನ್ನಡಿ ಮುಂದೆ ನಿಂತು ಹೇಳಿಕೊಳ್ಳಿ, ಗಂಟಲ ಮೇಲೆ ಬೆರಳಿಟ್ಟರೆ ಜ಼ ಹೇಳುವಾಗ ಅದುರುವುದು ಗೊತ್ತಾಗುತ್ತದೆ.

ಬರವಣಿಗೆ ಈಗ ಎರಡು ನಿಮಿಷದ ಕೆಲಸ. ‘ನೀನು’ ಎಂದರೆ ಕೊನೆಗೆ ಎಸ್, ಯಾವ ಗುಂಪಾದರೂ ಸರಿ. ಬಯಸು, ಸಾಧ್ಯ ಎಂಬಂಥ ಎರಡು ಮೂರರಲ್ಲಿ ಮಾತ್ರ ಎಸ್ ಬದಲು ಎಕ್ಸ್. ‘ನಾನು’, ‘ಅವನು’ ಒಂದನೇ ಗುಂಪಿನಲ್ಲಿ ಎರಡಕ್ಕೂ ಇ. ಕತ್ತರಿ ಹಾಕಿದ ಗುಂಪುಗಳಲ್ಲಿ ‘ನಾನು’ವಿಗೆ ಎಸ್, ‘ಅವನು’ವಿಗೆ ಟಿ, ಆದರೆ ಮಾರು, ತೆಗೆದುಕೊ, ಕಾಯು ಥರ ಮೊದಲೇ ಡಿ ಇದ್ದರೆ ‘ಅವನು’ವಿಗೆ ಟಿ ಬೇಡ, ಡಿಯೇ ಸಾಕು. ‘ಅವರು’ಗೆ ಇ-ಎನ್-ಟಿ. ನಿಮ್ಮ ಉತ್ತರ ಪತ್ರಿಕೆಯಲ್ಲಿ ಕಳೆದುಹೋಗುತ್ತಿರುವ ಮಾರ್ಕು ಬಹುಶಃ ‘ತ್ಯು’ವಿನ ಎಸ್‌ನಲ್ಲಿದೆ. ಬರೆದು ಮುಗಿಸಿದ ಮೇಲೆ ‘ತ್ಯು’ ಇರುವ ಕಡೆಯೆಲ್ಲ ಒಂದು ಸಲ ಬೆರಳಾಡಿಸಿ.

ಅರ್ಥದ ವಿಷಯದಲ್ಲಿ ದಯವಿಟ್ಟು ಇಂಗ್ಲಿಷನ್ನು ನಡುವೆ ತರಬೇಡಿ. ಇಂಗ್ಲಿಷಿನಿಂದ ಅನುವಾದ ಮಾಡಿಕೊಂಡು ‘ತಿನ್ನುತ್ತಾ ಇದ್ದೇನೆ’ ಎನ್ನುವುದಕ್ಕೆ ‘ಝ ಸ್ವಿ ಮಾಂಝೇ’ ಎಂದು ಇರು-ತಿನ್ನು ಎರಡನ್ನೂ ಅಂಟಿಸುವವರು ಲೆಕ್ಕವಿಲ್ಲ. ‘ಝ ಮಾಂಝ್’ ಒಂದೇ, ತಿನ್ನುತ್ತೇನೆ ಅಂತಲೂ ಹೌದು, ತಿನ್ನುತ್ತಿದ್ದೇನೆ ಅಂತಲೂ ಹೌದು. ನಾವು ‘ನಾಳೆ ಊರಿಗೆ ಹೋಗುತ್ತೇನೆ’ ಎಂದು ವರ್ತಮಾನದಲ್ಲೇ ಭವಿಷ್ಯ ಹೇಳುತ್ತೇವೆ. ಅವರೂ ಹಾಗೇ, ‘ದಮಾಂ ಝ ಪಾರ್’, ನಾಳೆ ಹೊರಡುತ್ತೇನೆ. ‘ಮೂರು ವರ್ಷದಿಂದ ಇಲ್ಲಿದ್ದೇನೆ’ ಎನ್ನಲು ಇಂಗ್ಲಿಷಿಗೆ ದೊಡ್ಡ ಸರ್ಕಸ್ ಬೇಕು. ಫ್ರೆಂಚ್ ನಮ್ಮ ಹಾಗೆ ಸಲೀಸು: ‘ಝಾಬೀತ್ ಇಸಿ ದಪ್ವಿ ತ್ರ್ವಾಜ಼ಾಂ’, ಇಲ್ಲಿ ವಾಸ ಮಾಡುತ್ತೇನೆ, ಮೂರು ವರ್ಷದಿಂದ. ಅವರ ‘ದಪ್ವಿ’ ನಮ್ಮ ‘ಇಂದ’.

ಅಭ್ಯಾಸಕ್ಕೆ ಹೀಗೆ ಮಾಡಿ. ಹೊಸ ಕ್ರಿಯಾಪದ ಸಿಕ್ಕಾಗ ನೋಟ್‌ಬುಕ್ಕಿನಲ್ಲಿ ಆರು ಸಾಲು ಬರೆಯಬೇಡಿ. ಎರಡೇ ಬರೆಯಿರಿ, ‘ಅವರು’ ರೂಪ ಮತ್ತು ‘ನಾವು’ ರೂಪ. ಇಲ್ ಬ್ವಾವ್, ನು ಬ್ಯುವೋಂ. ಉಳಿದ ನಾಲ್ಕನ್ನು ಬಸ್ಸಿನಲ್ಲಿ ಕೂತು ಬಾಯಲ್ಲಿ ತೆಗೆಯಿರಿ.

ಇನ್ನು ನಿಮ್ಮ ‘ಇಲ್ ಫೋ’. ಉಳಿದ ಐದು ರೂಪ ಎಲ್ಲೂ ಹೋಗಿಲ್ಲ, ಅವು ಇಲ್ಲವೇ ಇಲ್ಲ. ಅದಕ್ಕೆ ನಾನು-ನೀನು ಭೇದವಿಲ್ಲ. ಅಲ್ಲಿರುವ ‘ಇಲ್’ ಕೂಡ ಅವನಲ್ಲ, ಖಾಲಿ ಜಾಗ ತುಂಬಲು ನಿಂತ ಗೊಂಬೆ. ವಿಚಿತ್ರ ಅನಿಸಿದರೆ ನಮ್ಮ ‘ಬೇಕು’ ನೋಡಿ. ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು. ಎಂದಾದರೂ ‘ಬೇಕುತ್ತೇನೆ’ ಅಂದಿದ್ದೀರಾ? ‘ಇಲ್ ಫೋ ಪಾರ್ತೀರ್’ ಅಂದರೆ ಹೊರಡಬೇಕು, ಯಾರು ಎನ್ನುವುದು ಎದುರಿಗಿದ್ದವರಿಗೆ ಗೊತ್ತು. ಯಾರಿಗೆ ಎಂದು ಹೇಳಲೇಬೇಕಾದರೆ ನಡುವೆ ‘ಮ’ ಎಂದು ಸೇರಿಸಿ, ಅದು ನಮ್ಮ ‘ನನಗೆ’. ‘ಇಲ್ ಮ ಫೋ ಅಂ ಸ್ತಿಲೋ’: ನನಗೆ ಬೇಕು ಒಂದು ಪೆನ್ನು.